ಹಾಯಿದೋಣಿ ಹಡಗಿಗೆ 'ದಾರಿ ಬಿಡೋದು' ಬೇರೆ, 'ಇಂಪೀಡ್ ಮಾಡದಿರೋದು' ಬೇರೆ: ಎರಡನೇದಕ್ಕೆ ಏನು ಪದ?

ಎಲ್ಲರಿಗೂ ನಮಸ್ಕಾರ. ಮಲಾಕ್ಕಾ ಜಲಸಂಧಿ ಇಳಿದು ಸಿಂಗಾಪುರದ ಹತ್ತಿರ ಹಡಗುಗಳ ಸಾಲು ದಾಟೋ ಯಾಟ್ ಪಯಣದ ಬಗ್ಗೆ ಒಂದು ಬರಹ ಕನ್ನಡಕ್ಕೆ ತರ್ತಾ ಇದೀನಿ. ಯಾಟ್‌ಗೆ ಹಾಯಿದೋಣಿ ಅಂದ್ರೆ ಸಾಕು, ಅದರಲ್ಲಿ ತಕರಾರಿಲ್ಲ, ಸಿಕ್ಕಿಹಾಕ್ಕೊಂಡಿರೋದು ನಿಯಮದ ಮಾತುಗಳಲ್ಲಿ.

ಅಲ್ಲಿ ಹಡಗುಗಳಿಗೆ ಹೋಗೋಕೊಂದು ಬರೋಕೊಂದು ಲೇನ್ ಇದೆ. 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳ ಪ್ರಕಾರ ಸಾಮಾನ್ಯವಾಗಿ ಇಂಜಿನ್ ಹಡಗೇ ಹಾಯಿದೋಣಿಗೆ ದಾರಿ ಬಿಡಬೇಕು, ಆದ್ರೆ 10ನೇ ನಿಯಮ ಏನನ್ನತ್ತೆ ಅಂದ್ರೆ ಲೇನ್ ಹಿಡಿದು ಹೋಗ್ತಿರೋ ಇಂಜಿನ್ ಹಡಗನ್ನ ಹಾಯಿದೋಣಿಯಾಗ್ಲಿ 20 ಮೀಟರಿಗಿಂತ ಚಿಕ್ಕ ನಾವೆಯಾಗ್ಲಿ 'ಇಂಪೀಡ್' ಮಾಡಬಾರದು. ಇದನ್ನೂ 'ದಾರಿ ಬಿಡಬೇಕು' ಅಂತ ಬರೆದ್ರೆ ಅರ್ಥ ಕೆಡತ್ತೆ. ದಾರಿ ಬಿಡೋ ಪ್ರಶ್ನೆ ಏಳೋದು ಡಿಕ್ಕಿಯ ಅಪಾಯ ಕಾಣಿಸಿಕೊಂಡ ಮೇಲೆ, ಇದು ಆ ಹಂತಕ್ಕೇ ಹೋಗದ ಹಾಗೆ ಮುಂಚೆನೇ ಸರಿದು ಹಡಗಿಗೆ ಬೇಕಾದಷ್ಟು ಜಾಗ ಕೊಡೋದು. ಅಷ್ಟೇ ಅಲ್ಲ, ದೋಣಿಯವನು ಸರೀದೇ ಹೋಗಿ ಇಬ್ಬರೂ ಹತ್ತಿರ ಬಂದೇಬಿಟ್ರು ಅನ್ಕೊಳ್ಳಿ, ಆಗ ಹಡಗಿನವನ ಹೊಣೆ ಏನೂ ಮಾಫಿ ಆಗಲ್ಲ, ಅವನೂ ನಿಯಮದ ಪ್ರಕಾರ ತಪ್ಪಿಸಲೇಬೇಕು. 'ದಾರಿ ಬಿಡಬೇಕು' ಅಂದ್ರೆ ಓದೋರಿಗೆ ಹೊಣೆಯೆಲ್ಲ ದೋಣಿಯದೇ ಅನ್ನಿಸತ್ತೆ. 'ಅಡ್ಡ ಬರಬಾರದು' ಅಂತ ಹಾಕೋಣ ಅಂದ್ರೆ ಲೇನನ್ನ ಅಡ್ಡಕ್ಕೆ ದಾಟೋದಕ್ಕೆ ಅದೇ ನಿಯಮದಲ್ಲಿ ಅವಕಾಶ ಇದೆಯಲ್ಲ! ಸದ್ಯಕ್ಕೆ 'ಅಡ್ಡಿಯಾಗಬಾರದು' ಅಂತ ಇಟ್ಟಿದೀನಿ, ಅದರಲ್ಲಿ 'ಮುಂಚೆನೇ' ಅನ್ನೋ ಛಾಯೆ ಬರ್ತಿಲ್ಲ ಅನ್ನೋದೇ ಕೊರಗು.

ಇನ್ನೊಂದು 'ಹೆಡಿಂಗ್'. ಆದಷ್ಟು ಲಂಬಕೋನದ ಹೆಡಿಂಗ್‌ನಲ್ಲಿ ದಾಟಬೇಕು ಅಂತಿದೆ, ಅಂದ್ರೆ ದೋಣಿಯ ಮುಂತುದಿ ಲೇನಿಗೆ ನೇರ ಅಡ್ಡಕ್ಕಿರಬೇಕು, ಸಾಗಿದ ಗೆರೆ ಅಲ್ಲ. ದೋಣಿ 5 ನಾಟ್‌ನಲ್ಲಿ (ಒಂದು ನಾಟ್ ಅಂದ್ರೆ ಗಂಟೆಗೆ ಒಂದು ಕಡಲ ಮೈಲಿ) ಹೋಗ್ತಿದೆ, ನೀರಿನ ಸೆಳೆತ ಪಕ್ಕಕ್ಕೆ 2 ನಾಟ್ ಇದೆ ಅನ್ಕೊಳ್ಳಿ, ಗೆರೆ ಓರೆಯಾಗತ್ತೆ, ಆಗ್ಲಿ ಬಿಡಿ, ಪೂರ್ತಿ 5 ನಾಟ್ ದಾಟೋಕೇ ಸಿಗತ್ತೆ. ಗೆರೆ ನೆಟ್ಟಗಿರ್ಲಿ ಅಂತ ಸೆಳೆತದ ಎದುರಿಗೆ ಓರೆ ತಿರುಗಿಸಿದ್ರೆ ದಾಟೋ ವೇಗ ಸುಮಾರು 4.6ಕ್ಕೆ ಇಳಿಯತ್ತೆ, ಲೇನಲ್ಲಿ ಇರೋ ಹೊತ್ತು ಜಾಸ್ತಿ, ಜೊತೆಗೆ ರಾತ್ರಿ ಹಡಗಿನವನಿಗೆ ದೋಣಿಯ ಎಡಬದಿಯ ಕೆಂಪು ದೀಪನೋ ಬಲಬದಿಯ ಹಸಿರು ದೀಪನೋ ನೋಡಿ ಇದು ಎತ್ತ ಹೊರಟಿದೆ ಅಂತ ಹೇಳೋದೂ ಕಷ್ಟ. 'ದಿಕ್ಕು' ಅಂದ್ರೆ ಇವೆರಡೂ ಕಲಸಿಹೋಗತ್ತೆ. 'ಮೂತಿ ನೇರ ಇಟ್ಟು' ಅಂತ ಬರೆದು ನೋಡಿದೆ, ಅರ್ಥವೇನೋ ಖಚಿತ, ಆದ್ರೆ ದೋಣಿ ಯಾರ ಮೇಲೋ ಮುನಿಸಿಕೊಂಡಂಗಿದೆ.

ಆಮೇಲೆ ಅಲ್ಲಿ ಹೆಚ್ಚಾಗಿ ರಾತ್ರಿ, ಬೆಳಗಿನ ಜಾವ ಗುಡುಗು ಮಳೆ ಸಮೇತ ದಿಢೀರ್ ಅಂತ ಬಂದು ಹೋಗೋ ಜೋರುಗಾಳಿಗೆ ಸುಮಾತ್ರಾ ಅಂತಲೇ ಹೆಸರು, ಅದನ್ನ ಹಾಗೇ ಬಿಡ್ತೀನಿ, 'ಚಂಡಮಾರುತ'ವಂತೂ ಬೇಡ, ಅದು ದಿನಗಟ್ಟಲೆ ಇರೋದು.

ಕಡಲ ಕೆಲಸದ ಮಾತು ಬಲ್ಲವರು 'ಇಂಪೀಡ್'ಗೆ, 'ಹೆಡಿಂಗ್'ಗೆ ಏನಂತಾರೆ? ನಿಘಂಟಿನ ಪದಕ್ಕಿಂತ ಬಾಯಲ್ಲಿ ಆಡೋ ಪದ ಸಿಕ್ಕಿದ್ರೆ ಒಳ್ಳೇದು.