ಪದ ಬೇಕು: ಡಾಕ್ಟರು ಸ್ಕ್ರೀನಿಂಗ್ 'ಆಫರ್' ಮಾಡುವುದಕ್ಕೆ ಏನನ್ನೋಣ?

ನಾಳೆ ಬೆಳಗ್ಗೆ ಕೊಡಬೇಕಾದ ಅನುವಾದ. ಅಮೆರಿಕದಲ್ಲಿ ಮಕ್ಕಳ ಜೊತೆ ಇರುವ ನಮ್ಮ ಹಿರಿಯರಿಗೆ ಒಂದು ಪುಟದ ಕರಪತ್ರ. ಶ್ವಾಸಕೋಶದ ಕ್ಯಾನ್ಸರ್ ಸ್ಕ್ರೀನಿಂಗ್ ಬಗ್ಗೆ ಡಾಕ್ಟರು ಕೆಲವರಿಗೆ ಹೇಳುತ್ತಾರೆ, ಕೆಲವರಿಗೆ ಹೇಳುವುದಿಲ್ಲ, ಯಾಕೆ ಅನ್ನುವುದು ವಿಷಯ. ಅಲ್ಲಿನ 2021ರ ಶಿಫಾರಸಿನಂತೆ ವಯಸ್ಸು 50ರಿಂದ 80, ದಿನಕ್ಕೊಂದು ಪ್ಯಾಕ್ ಸಿಗರೇಟಿನ ಲೆಕ್ಕದಲ್ಲಿ 20 ವರ್ಷದಷ್ಟು ಸೇದಿರಬೇಕು, ಬಿಟ್ಟಿದ್ದರೆ 15 ವರ್ಷ ದಾಟಿರಬಾರದು. ಆದರೆ ಎಷ್ಟು ಸೇದಿದರು ಅನ್ನುವುದು ದಾಖಲೆಯಲ್ಲಿ ಸರಿಯಾಗಿ ಇರುವುದಿಲ್ಲ. ಡಾಕ್ಟರಿಗೆ ಸಮಯವೂ ಇಲ್ಲ. ಕ್ಯಾನ್ಸರ್ ಸಿಕ್ಕರೂ ಆಪರೇಷನ್ ತಾಳಿಕೊಳ್ಳುವ ಶಕ್ತಿ ಇಲ್ಲದವರಿಗೆ ಹೇಳುವುದೂ ಇಲ್ಲ. 'ತಪಾಸಣೆ ನೀಡುವುದು' ಅಂತ ಬರೆದೆ, ಒಗ್ಗಲಿಲ್ಲ.

ಉತ್ತರ 1

ತಪಾಸಣೆ ಬೇಡವೇ ಬೇಡ. ಮರಾಠಿಯಿಂದ ಬಂದ ಪದ, ಇಲ್ಲಿ ಅರ್ಥವೂ ಸಾಲದು. ಕೆಮ್ಮು ಅಂತ ಹೋದವರಿಗೂ ತಪಾಸಣೆಯೇ ಅಲ್ವಾ? ಏನೂ ತೊಂದರೆ ಇಲ್ಲದವರಲ್ಲಿ ಹುಡುಕುವುದಕ್ಕೆ 'ಜರಡಿ ಪರೀಕ್ಷೆ' ಅನ್ನಿ. ನಮ್ಮಜ್ಜಿ ರಾಗಿ ಹಿಟ್ಟು ಜರಡಿ ಹಿಡಿದಾಗ ಮೇಲೆ ಉಳಿದದ್ದನ್ನು ಸುಮ್ನೆ ಎಸೆಯುತ್ತಿರಲಿಲ್ಲ. ಬೆರಳಲ್ಲಿ ಒತ್ತಿ ನೋಡುತ್ತಿದ್ದಳು. ಜಾಸ್ತಿ ಪಾಲು ಬರೀ ಹಿಟ್ಟಿನ ಗಂಟು. ಈ ಸ್ಕ್ರೀನಿಂಗಿಗೆ ಮಾಡುವ ಸಿ.ಟಿ. ಸ್ಕ್ಯಾನಿನಲ್ಲಿ ಕಾಣುವುದೂ ಗಂಟೇ. 2011ರಲ್ಲಿ ಬಂದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ, ಎಕ್ಸ್‌ರೇ ಮಾಡಿಸಿದವರಿಗಿಂತ ಸಿ.ಟಿ. ಮಾಡಿಸಿದವರಲ್ಲಿ ಈ ಕ್ಯಾನ್ಸರಿನ ಸಾವು ಶೇ. 20ರಷ್ಟು ಕಡಿಮೆ. ಆದರೆ ಸಿ.ಟಿ.ಯಲ್ಲಿ ಅನುಮಾನ ಬಂದ 100ರಲ್ಲಿ 96 ಕ್ಯಾನ್ಸರ್ ಆಗಿರಲಿಲ್ಲ. ಡಾಕ್ಟರು ಹಿಂಜರಿಯಲು ಅದೂ ಒಂದು ಕಾರಣ.

ಉತ್ತರ 2

ಒಪ್ಪುವುದಿಲ್ಲ. ಪರೀಕ್ಷೆ, ಶ್ವಾಸಕೋಶ ಎರಡೂ ಸಂಸ್ಕೃತ. ಅವು ಒಳಗೆ, ಮರಾಠಿ ಮಾತ್ರ ಹೊರಗೆ, ಇದ್ಯಾವ ನ್ಯಾಯ? ಆಸ್ಪತ್ರೆ ಕೌಂಟರಿನಲ್ಲಿ ನಿಂತು 'ಜರಡಿ' ಅಂದರೆ ಯಾರಿಗೂ ತಿಳಿಯದು. ಸ್ಕ್ರೀನಿಂಗ್ ಅಂತಲೇ ಇರಲಿ.

'ಆಫರ್' ಮಾತ್ರ ಬೇಡ. ಕನ್ನಡದಲ್ಲಿ ಅದು ಅಂಗಡಿಯ ರಿಯಾಯಿತಿ. 'ಬರೆದುಕೊಡು' ಅಂದರೆ ತೀರ್ಮಾನ ಆಗಿಹೋಯಿತು. ಅಲ್ಲಿ ಮೊದಲ ಸ್ಕ್ರೀನಿಂಗಿಗೆ ಮುಂಚೆ ಲಾಭ, ತೊಂದರೆ ಎರಡನ್ನೂ ರೋಗಿಯ ಜೊತೆ ಮಾತಾಡಿಯೇ ತೀರ್ಮಾನಿಸಬೇಕು ಅಂತ ಮೆಡಿಕೇರ್ (ಹಿರಿಯರಿಗೆ ಅಲ್ಲಿನ ಸರ್ಕಾರದ ಆರೋಗ್ಯ ವಿಮೆ) 2015ರಿಂದ ಷರತ್ತು ಹಾಕಿದೆ. ಹಾಗಾಗಿ 'ಮಾಡಿಸಿಕೊಳ್ಳುತ್ತೀರಾ ಎಂದು ಕೇಳುವುದು'. ಮಾಡಿಸಿಕೊಳ್ಳುವವರು ರೋಗಿ ಅನ್ನುವುದು ಕ್ರಿಯಾಪದದಲ್ಲೇ ಇದೆ. ಹೊಸ ನಾಮಪದ ಕಟ್ಟುವ ಗೀಳು ಯಾಕೆ?

ಕೇಳಿದವರಿಂದ

ಇಬ್ಬರಿಗೂ ಧನ್ಯವಾದ. ತಲೆಬರಹ 'ಡಾಕ್ಟರು ಯಾರನ್ನು ಕೇಳುತ್ತಾರೆ, ಯಾರನ್ನು ಕೇಳುವುದಿಲ್ಲ?' ಎಂದಿಟ್ಟೆ. 'ಗಂಟು' ಕೂಡ ತೆಗೆದುಕೊಂಡೆ. ಇನ್ನೊಂದು ತೊಡಕು ಉಳಿದಿದೆ. ಬೀಡಿ ಸೇದಿದವರು ಪ್ಯಾಕ್ ಅನ್ನುವುದಿಲ್ಲ, ಕಟ್ಟು ಅನ್ನುತ್ತಾರೆ. 'ದಿನಕ್ಕೆ ಎಷ್ಟು ಕಟ್ಟು, ಕಟ್ಟಿನಲ್ಲಿ ಎಷ್ಟು ಬೀಡಿ' ಎಂದು ಬರೆದರೆ ಸರಿಯೇ? ರಾತ್ರಿ ಹತ್ತರೊಳಗೆ ತಿಳಿಸಿ.