ಪದ ಬೇಕು: ಬೋಲ್ಟ್ ತೂತಿನೊಳಗೆ ಕಚ್ಚಿಕೊಂಡ ಕಸಕ್ಕೆ ಏನನ್ನುತ್ತೀರಿ? (ಶನಿವಾರದೊಳಗೆ)

ಮೂಡಿಗೆರೆ ಶೆಡ್ಡು, ಬುಧವಾರ ರಾತ್ರಿ

ಗೆಳೆಯರೇ, ಒಂದು ಪದ ಬೇಕು. ಶನಿವಾರ ಬೆಳಿಗ್ಗೆ ಬೋರ್ಡ್ ಬರೆಯುವವರು ಬರುತ್ತಾರೆ, ಹಾಗಾಗಿ ಪೀಠಿಕೆ ಹಾಕುವುದಿಲ್ಲ.

ಮನೆ ಹಿಂದಿನ ಶೆಡ್ಡಿನಲ್ಲಿ ಅಪ್ಪನ ಕಾಲದ ಜೀಪಿನ ಇಂಜಿನ್ ಬಿಚ್ಚಿ ಹರವಿಕೊಂಡು ಕೂತಿದ್ದೇನೆ. ಕಾಫಿ ಕೊಯ್ಲು ಮುಗಿದ ಮೇಲೆ ಸಿಗುವ ಬಿಡುವು. ನಾನು, ನಮ್ಮ ಡ್ರೈವರಣ್ಣ, ಅವರ ಮಗ, ಮೂವರೇ. ಹೋದ ಸಲ ಇದೇ ಕೆಲಸದಲ್ಲಿ ಪೆಟ್ಟು ತಿಂದಿದ್ದೇವೆ. ಇಂಜಿನ್ ಮೇಲಿನ ಮುಚ್ಚಳ, ಅಂದರೆ ಹೆಡ್, ಕೂರಿಸಿದೆವು, ಬೋಲ್ಟ್ ತಿರುಗಿಸಿದೆವು, ಬಿಗಿ ಅಳೆಯುವ ಟಾರ್ಕ್ ಸ್ಪಾನರ್ ಟಕ್ ಅಂದಿತು. ಬಿಗಿಯಾಯಿತು ಅಂತ ಟೀ ಕುಡಿಯಲು ಹೋದೆವು. ಬೋಲ್ಟ್ ಒತ್ತಿದ್ದು ಹೆಡ್ಡನ್ನಲ್ಲ, ತೂತಿನ ತಳದಲ್ಲಿ ಗಟ್ಟಿಯಾಗಿ ಕೂತಿದ್ದ ಕಸವನ್ನು. ಎರಡು ವಾರಕ್ಕೆ ಹೆಡ್ಡಿನ ಕೆಳಗೆ ಹಾಸುವ ಗ್ಯಾಸ್ಕೆಟ್ ಹೋಯಿತು, ರೇಡಿಯೇಟರಿನಲ್ಲಿ ಗುಳ್ಳೆ ಬಂತು.

ಈ ಸಲ ಸೈಕಲ್ ಚಕ್ರದ ಕಡ್ಡಿ ಇಳಿಬಿಟ್ಟು ಎಲ್ಲಾ ತೂತಿನ ಆಳ ನೋಡಿದೆ. ಒಂದರಲ್ಲಿ ಕಡ್ಡಿ ಉಳಿದವಕ್ಕಿಂತ 8 ಮಿಲಿಮೀಟರ್ ಮೊದಲೇ ನಿಂತಿತು. ಒಳಗಿರುವುದು ತುಕ್ಕು, ಮಸಿ, ಹಳೇ ಗ್ಯಾಸ್ಕೆಟ್ ಚೂರು, ಸುಟ್ಟ ಎಣ್ಣೆ. ಎಲ್ಲಾ ಸೇರಿ ಅಂಟಿನ ಹಾಗೆ ಕಚ್ಚಿಕೊಂಡಿದೆ.

ಶೆಡ್ಡಿನ ಗೋಡೆಗೆ ಒಂದು ಬೋರ್ಡ್ ಹಾಕಿಸಬೇಕು: "ಹೆಡ್ ಕೂರಿಸುವ ಮೊದಲು ಬೋಲ್ಟ್ ತೂತಿನ ____ ತೆಗೆಯಿರಿ." ಆ ಗೆರೆಯ ಜಾಗಕ್ಕೆ ಏನು ಬರೆಸಲಿ? "ಕಸ" ಅಂದರೆ ಹುಡುಗ ಪೊರಕೆ ತರುತ್ತಾನೆ. "ತ್ಯಾಜ್ಯ" ಅಂದರೆ ಪಂಚಾಯಿತಿ ಗಾಡಿ ನೆನಪಾಗುತ್ತದೆ. ಬೋರ್ಡಿನವರು ಅಕ್ಷರದ ಲೆಕ್ಕದಲ್ಲಿ ದುಡ್ಡು ಕೇಳುತ್ತಾರೆ, ಚಿಕ್ಕ ಪದವಾದರೆ ಒಳ್ಳೆಯದು.

ಹಾಸನದ ಹಳೇ ಮೇಷ್ಟ್ರು, ಗುರುವಾರ ಬೆಳಿಗ್ಗೆ

ಪದ ಇದೆ. ಕಿಟ್ಟ. ಕಬ್ಬಿಣದ ಕಿಟ್ಟ ಅಂತ ಎಲ್ಲರೂ ಕೇಳಿದ್ದೇವೆ. ಎರಡೇ ಅಕ್ಷರ, ನಿಮ್ಮ ಜೇಬಿಗೂ ಹಗುರ.

ಆದರೆ ನಿಮ್ಮ ವಾಕ್ಯದಲ್ಲಿ ಅದಕ್ಕಿಂತ ದೊಡ್ಡ ತೊಂದರೆ ಇದೆ. "ಬೋಲ್ಟ್ ತೂತು" ಶುದ್ಧ ಅರಿಸಮಾಸ, ಬೇರೆ ಬೇರೆ ಭಾಷೆಯ ಪದಗಳ ಸಲ್ಲದ ಜೋಡಣೆ. ಸಂಸ್ಕೃತ ಮತ್ತು ಕನ್ನಡವನ್ನು ಬೆಸೆಯುವುದಕ್ಕೇ ವ್ಯಾಕರಣ ಬರೆದ ಕೇಶಿರಾಜ ಒಪ್ಪಲಿಲ್ಲ, ನೀವು ಇಂಗ್ಲಿಷನ್ನು ತಂದು ಕಟ್ಟಿದ್ದೀರಿ. ಬೋಲ್ಟಿಗೆ ಅಗುಳಿ ಅಂತ ಚೆಂದದ ಪದ ಇದೆ. ಅಗುಳಿ, ಕುಳಿ ಎರಡೂ ಸೇರಿದರೆ ಅಗುಳಿಗುಳಿ. "ಅಗುಳಿಗುಳಿಯ ಕಿಟ್ಟ ತೆಗೆಯಿರಿ" ಅಂತ ಬರೆಸಿ. ಮುಗಿಯಿತು.

ಅರಸೀಕೆರೆ, ಗುರುವಾರ

ಮುಗಿಯಲಿಲ್ಲ. ಅಗುಳಿ ಅನ್ನುವುದು ಅರ್ಗಲದ ತದ್ಭವ. ಇಂಗ್ಲಿಷನ್ನು ಮುಂದಿನ ಬಾಗಿಲಿಂದ ಓಡಿಸಿ ಸಂಸ್ಕೃತವನ್ನು ಹಿತ್ತಿಲಿಂದ ಕರೆದಿರಿ. ತದ್ಭವ ಆದ ಮೇಲೆ ಅದು ಕನ್ನಡವೇ ಅನ್ನುತ್ತೀರಿ ತಾನೆ? ಹಾಗಾದರೆ ಬೋಲ್ಟೂ ಕನ್ನಡವೇ. ನಾನು ವರ್ಷಗಟ್ಟಲೆಯಿಂದ ಇಲ್ಲಿ ಹೇಳುತ್ತಾ ಬಂದಿದ್ದೇನೆ: ಕೊನೆಗೆ ಉಕಾರ ಬಂತು ಅಂದರೆ ಆ ಪದ ನಮ್ಮ ಮನೆಯ ಊಟ ಉಂಡಿತು. ಹ್ರಸ್ವದ ಮೇಲೆ ದ್ವಿತ್ವ: ಬಸ್ಸು, ನಟ್ಟು, ಕಪ್ಪು. ದೀರ್ಘದ ಮೇಲೆ ಒಂಟಿ: ಕಾರು, ಕೇಕು. ಒತ್ತಕ್ಷರ ಮೊದಲೇ ಇದ್ದರೆ ಸುಮ್ನೆ ಉಕಾರ: ಬೋಲ್ಟು. ಬೋಲ್ಟಿಗೆ, ಬೋಲ್ಟಿನ, ಬೋಲ್ಟಿನಲ್ಲಿ. ಇಷ್ಟು ಅಚ್ಚುಕಟ್ಟಾಗಿ ವಿಭಕ್ತಿ ಹತ್ತುವ ಪದವನ್ನು ಪರಕೀಯ ಅನ್ನುವುದು ಹೇಗೆ? ಅರಿಸಮಾಸದ ಮಾತೇ ಬರುವುದಿಲ್ಲ.

"ಬೋಲ್ಟ್" ಅಂತ ಅರ್ಧಕ್ಕೆ ನಿಲ್ಲಿಸಿ ಬರೆಸಬೇಡಿ. ಬೋಲ್ಟು ಅಂತಲೇ ಬರೆಸಿ.

ಕಿಟ್ಟದ ಬಗ್ಗೆ ನನಗೆ ಅಭಿಪ್ರಾಯ ಇಲ್ಲ.

ಬೇಲೂರು ರಸ್ತೆ ವರ್ಕ್‌ಶಾಪ್, ಗುರುವಾರ ರಾತ್ರಿ

ಮೇಷ್ಟ್ರೇ, ಅಗುಳಿ ಬಾಗಿಲಿಗೆ. ಜಾರುತ್ತದೆ, ತಿರುಗುವುದಿಲ್ಲ. ತಿರುಗಿ ಕೂರುವುದಕ್ಕೆ ನಮ್ಮ ಹೆಂಗಸರ ಹತ್ತಿರ ಯಾವತ್ತಿನಿಂದಲೋ ಪದ ಇದೆ, ತಿರುಪು. ಓಲೆಯ ತಿರುಪು ಕಳೆದುಹೋಯಿತು ಅಂತ ಮನೆಯೆಲ್ಲಾ ಗುಡಿಸಿ ಹುಡುಕಿಲ್ಲವಾ ನೀವು?

ಇನ್ನು ಕಿಟ್ಟ. ಕುಲುಮೆಯಲ್ಲಿ ಅದಿರು ಕರಗಿ, ಕಬ್ಬಿಣದಿಂದ ಬೇರೆಯಾಗಿ ಉಳಿಯುವುದು ಕಿಟ್ಟ. ಇಂಜಿನ್ ತೂತಿನಲ್ಲಿ ಯಾರೂ ಅದಿರು ಕರಗಿಸಿಲ್ಲ. ಕಿಲುಬು ಅನ್ನಬೇಡಿ ಅಂತ ಈಗಲೇ ಹೇಳಿಬಿಡುತ್ತೇನೆ, ಅದು ತಾಮ್ರ, ಹಿತ್ತಾಳೆಗೆ. ನಮ್ಮಲ್ಲಿ ಎಣ್ಣೆ ಕಸಕ್ಕೆ ಮಡ್ಡಿ ಅನ್ನುತ್ತೇವೆ. ಎಣ್ಣೆ ಚೇಂಬರ್ ಬಿಚ್ಚಿದಾಗ ತಳದಲ್ಲಿ ಸಿಗುವುದು ಮಡ್ಡಿ. ಅದೂ ಇಲ್ಲಿಗೆ ಪೂರ್ತಿ ಹೊಂದುವುದಿಲ್ಲ. ಮಡ್ಡಿ ಮೆತ್ತಗಿರುತ್ತದೆ, ಇದು ಗಟ್ಟಿ.

ಪದದ ಜಗಳದಲ್ಲಿ ಒಂದು ಮುಖ್ಯ ವಿಷಯ ಬಿಟ್ಟೇ ಹೋಗಿದೆ. ತೂತು ಬೇರೆ, ಕುಳಿ ಬೇರೆ. ತೂತು ಅಂದರೆ ಆರ್‌ಪಾರ್. ದೋಸೆಯದ್ದು ತೂತು, ಅದಕ್ಕೇ ಎಲ್ಲರ ಮನೆ ದೋಸೆಯೂ ತೂತು ಅನ್ನುವುದು. ತಳ ಇದ್ದರೆ ಅದು ಕುಳಿ. ಹೆಡ್ಡಿನ ಕೆಳಗಿನ ಬ್ಲಾಕಿನಲ್ಲಿ ಎರಡೂ ಥರ ಇರಬಹುದು. ಕೆಲವು ತಳ ಮುಚ್ಚಿದ ಕುಳಿ, ಕೆಲವು ಇಂಜಿನ್‌ಗಳಲ್ಲಿ ಕೆಲವು ಬೋಲ್ಟ್ ಸೀದಾ ನೀರು ಓಡಾಡುವ ಜಾಗಕ್ಕೆ ತೆರೆದ ತೂತಿನಲ್ಲಿ ಕೂರುತ್ತವೆ. ತೂತಿನ ಬೋಲ್ಟಿಗೆ ಸೀಲೆಂಟ್ ಹಚ್ಚದಿದ್ದರೆ ನೀರು ಮೇಲೆ ಬರುತ್ತದೆ. ಕುಳಿಯ ಕಥೆ ಇನ್ನೂ ಕೆಟ್ಟದ್ದು. ಅದರಲ್ಲಿ ಎಣ್ಣೆಯೋ ನೀರೋ ನಿಂತಿದ್ದಾಗ ಬೋಲ್ಟ್ ಇಳಿಸಿದರೆ, ಅದು ಕುಗ್ಗುವುದಿಲ್ಲ, ಹೋಗಲು ದಾರಿಯೂ ಇಲ್ಲ. ಕೊನೆಗೆ ಬೀಡಿನ ಬ್ಲಾಕೇ ಸೀಳು ಬಿಡುತ್ತದೆ. ಬೋರ್ಡಿನಲ್ಲಿ "ತೆಗೆಯಿರಿ" ಒಂದೇ ಸಾಲದು, "ಒಣಗಿಸಿ" ಅಂತಲೂ ಬೇಕು.

ಕ್ರಿಯಾಪದದಲ್ಲೂ ಎಚ್ಚರ. ಕೆದಕಬೇಕು, ಕೆತ್ತಬಾರದು. ತಿರುಪಿನ ಗೆರೆ ಕೊರೆಯುವ ಟ್ಯಾಪ್ ಹಾಕಿ ಎಳೆದರೆ ಅದು ಕಸದ ಜೊತೆ ಲೋಹವನ್ನೂ ಕೆತ್ತುತ್ತದೆ, ಆಮೇಲೆ ಬೋಲ್ಟ್ ಸಡಿಲ. ಅದೇ ಅಳತೆಯ ಒಂದು ಹಳೇ ಬೋಲ್ಟ್ ತಗೊಳ್ಳಿ. ಉದ್ದಕ್ಕೆ ಎರಡು ಮೂರು ಕಡೆ ಗರಗಸದಲ್ಲಿ ಗೀರಿ, ಮುಳ್ಳು ಎದ್ದಿದ್ದರೆ ಅರದಲ್ಲಿ ನಯ ಮಾಡಿ. ಕೈಯಲ್ಲೇ ಅರ್ಧ ಸುತ್ತು ಒಳಗೆ, ಮತ್ತೆ ಹೊರಗೆ, ಒರೆಸು, ಮತ್ತೆ ಒಳಗೆ. ಕಸ ಗೀರಿನೊಳಗೆ ತುಂಬಿಕೊಂಡು ಬರುತ್ತದೆ.

ಮೂಡಿಗೆರೆ ಶೆಡ್ಡು, ಶುಕ್ರವಾರ ಬೆಳಿಗ್ಗೆ

ಬೇಲೂರಿನವರಿಗೆ ನಮಸ್ಕಾರ. ನಿನ್ನೆ ರಾತ್ರಿಯೇ ಬೋಲ್ಟಿಗೆ ಗೀರು ಹಾಕಿದೆ. ತುಕ್ಕು ಬಿಡಿಸುವ ಎಣ್ಣೆ ಎರಡು ಹನಿ ಬಿಟ್ಟು ರಾತ್ರಿಯೆಲ್ಲಾ ನೆನೆಸಿದೆವು. ಬೆಳಿಗ್ಗೆ ಕೆದಕಿದರೆ ಅರ್ಧ ಬಂತು. ಅಯಸ್ಕಾಂತ ಇಳಿಬಿಟ್ಟೆ, ಕಬ್ಬಿಣದ ಚೂರು ಹತ್ತಿತು, ಗ್ಯಾಸ್ಕೆಟ್ ಚೂರು ಹತ್ತಲಿಲ್ಲ. ಆಮೇಲೆ ಹವಾ ಹೊಡೆದೆವು. ಸಿಲಿಂಡರಿಗೆಲ್ಲಾ ಬಟ್ಟೆ ತುರುಕಿ, ನಳಿಗೆ ಸುತ್ತ ಬನಿಯನ್ ವೇಸ್ಟ್ ಸುತ್ತಿ, ಕನ್ನಡಕ ಹಾಕಿಕೊಂಡೇ ಹೊಡೆದದ್ದು. ಆದರೂ ನನ್ನ ಅಂಗಿ ಹೋಯಿತು. ತಳದಲ್ಲಿ ನಿಂತ ಎಣ್ಣೆಯನ್ನು ದನಕ್ಕೆ ಚುಚ್ಚುವ ಸಿರಿಂಜಿಗೆ ಸಣ್ಣ ನಳಿಗೆ ಸಿಕ್ಕಿಸಿ ಎಳೆದೆ.

ಇನ್ನೂ 3 ಮಿಲಿಮೀಟರ್ ಬಾಕಿ ಇದೆ. ಪದವೂ ಬಾಕಿ ಇದೆ.

ಮೇಷ್ಟ್ರೇ, "ಅಗುಳಿಗುಳಿ"ಯನ್ನು ಚೀಟಿಯಲ್ಲಿ ಬರೆದು ಡ್ರೈವರಣ್ಣನಿಗೆ ತೋರಿಸಿದೆ. ಎರಡು ಸಲ ಓದಿ, "ಕಚಗುಳಿನಾ ಸಾರ್?" ಅಂದರು.

ಕೊಪ್ಪದ ಓದುಗಿ, ಶುಕ್ರವಾರ

ಎಂತ ಮಾರಾಯ್ರೆ, ಇಷ್ಟು ಜನ ಗಂಡಸರು ಸೇರಿ ಮೂರು ದಿನ! ಸಣ್ಣ ತೂತು, ಒಳಗೆ ಗಟ್ಟಿಯಾಗಿ ಕೂತ ಕೊಳೆ, ಎಣ್ಣೆ ಬಿಟ್ಟು ನೆನೆಸುವುದು, ಕಡ್ಡಿ ಹಾಕಿ ಮೆಲ್ಲಗೆ ಮೀಟುವುದು. ನಿಮ್ಮ ಅಮ್ಮ ಕಿವಿಗೆ ಮಾಡಿದ್ದೂ ಇದನ್ನೇ ಅಲ್ವಾ? ಅದಕ್ಕೆ ಗುಗ್ಗೆ ಅನ್ನುತ್ತಾರೆ. ತೆಗೆಯುವ ಸಾಮಾನಿಗೆ ಗುಗ್ಗೆಕಡ್ಡಿ.

"ಬೋಲ್ಟ್ ಕುಳಿಯ ಗುಗ್ಗೆ ತೆಗೆದು ಒಣಗಿಸಿ." ನಿಮ್ಮ ಹುಡುಗ ಪೊರಕೆ ತರುವುದಿಲ್ಲ, ಕಡ್ಡಿ ತರುತ್ತಾನೆ.

ಹಾಸನದ ಹಳೇ ಮೇಷ್ಟ್ರು, ಶುಕ್ರವಾರ ಮಧ್ಯಾಹ್ನ

ಗೋಡೆಯ ಮೇಲೆ ಬರೆಸುವ ಮಾತೇ ಇದು? ಹೇಸಿಗೆ. ಅದೂ ಅಲ್ಲದೆ ಗುಗ್ಗೆ ಗುಗ್ಗುಳದಿಂದ ಬಂದಿದ್ದು. ಗುಗ್ಗುಳ ಅಂಟು, ಕಿವಿಯದ್ದೂ ಅಂಟು. ಅಚ್ಚಗನ್ನಡ ಬೇಕು ಅಂತ ಹೊರಟವರು ಇಲ್ಲೂ ಸಂಸ್ಕೃತಕ್ಕೇ ಬಂದು ನಿಂತಿರಿ.

ಕೊಪ್ಪದ ಓದುಗಿ, ಶುಕ್ರವಾರ ಸಂಜೆ

ಸದ್ದು ಒಂದೇ ಇದೆ ಅಂತ ನೆಂಟಸ್ತನ ಕಟ್ಟಬೇಡಿ ಮೇಷ್ಟ್ರೇ. ತಮಿಳರು ಕುರುಂಬಿ ಅನ್ನುತ್ತಾರೆ, ತೆಲುಗರು ಗುಲಿಮಿ ಅನ್ನುತ್ತಾರೆ. ಅವನ್ನೂ ಗುಗ್ಗುಳದ ಡಬ್ಬಿಗೆ ಹಾಕುತ್ತೀರಾ? ಹೇಸಿಗೆಯ ಮಾತಿಗೆ ಉತ್ತರ ಇಲ್ಲ. ಇಂಜಿನ್ ಒಳಗೆ ಕೈ ಹಾಕಿದವರಿಗೆ ಹೇಸಿಗೆ ಎಲ್ಲಿಯದು.

ಬೆಂಗಳೂರಲ್ಲಿರುವ ಚನ್ನರಾಯಪಟ್ಟಣದವನು, ಶುಕ್ರವಾರ ರಾತ್ರಿ

ತಡವಾಗಿ ಬಂದೆ, ಮನ್ನಿಸಿ. ಗುಗ್ಗೆ ಸರಿಯಾಗಿದೆ. ಆದರೆ ಅದೊಂದನ್ನು ಕನ್ನಡದಲ್ಲಿ ಬರೆದು ಹೆಡ್, ಬೋಲ್ಟ್, ಟಾರ್ಕ್, ಗ್ಯಾಸ್ಕೆಟ್ ಎಲ್ಲವನ್ನೂ ಹಾಗೇ ಬಿಟ್ಟರೆ ಹೇಗೆ? ಹೆಡ್ಡಿಗೆ ತಲೆಮುಚ್ಚಳ, ಬೋಲ್ಟಿಗೆ ತಿರುಪುಮೊಳೆ, ಟಾರ್ಕಿಗೆ ತಿರುಚೊತ್ತು, ಗ್ಯಾಸ್ಕೆಟ್ಟಿಗೆ ನಡುಹಾಸು. ನಮ್ಮ ಹಿಂದಿನವರು ಸೀಮೆಎಣ್ಣೆ, ಸೀಮೆಸುಣ್ಣ, ಬೆಂಕಿಪೊಟ್ಟಣ ಅಂತ ಕಟ್ಟಲಿಲ್ಲವೇ? ನಮಗೆ ಮಾತ್ರ ಸೋಮಾರಿತನ.

ಬೇಲೂರು ರಸ್ತೆ ವರ್ಕ್‌ಶಾಪ್, ಶುಕ್ರವಾರ ರಾತ್ರಿ

ತಲೆಮುಚ್ಚಳ ಅಂದರೆ ನನ್ನ ಹುಡುಗರು ಹೆಲ್ಮೆಟ್ ತಂದುಕೊಡುತ್ತಾರೆ. ಅಂಗಡಿಗೆ ಹೋಗಿ ನಡುಹಾಸು ಕೊಡಿ ಅಂತ ನೀವೇ ಕೇಳಿ, ಚಾಪೆ ಕೊಟ್ಟಾರು.

ಸೀಮೆಎಣ್ಣೆ ಕಟ್ಟಿದ್ದು ಯಾವ ಸಮಿತಿಯೂ ಅಲ್ಲ. ದೀಪ ಹಚ್ಚುವವರು ಕಟ್ಟಿದ್ದು. ಜನಕ್ಕೆ ಬೇಕಾದಾಗ ಕಟ್ಟಿದರು, ಬೇಡದಾಗ ಬಂದ ಪದವನ್ನೇ ಇಟ್ಟುಕೊಂಡರು. ಮೇಸ್ತ್ರಿ, ಮೇಜು, ಚಾವಿ ಪೋರ್ಚುಗೀಸರದು. ಕಾಗದ ಪಾರಸಿಯದು. ನಿಮ್ಮ ಚಿಕ್ಕಮಗಳೂರು ಬದುಕಿರುವ ಕಾಫಿಯ ಹೆಸರಿನ ಬೇರು ಅರಬ್ಬಿಯಲ್ಲಿದೆ. ಬಾಬಾ ಬುಡನ್ ಬೀಜದ ಜೊತೆ ಅಚ್ಚಗನ್ನಡದ ಹೆಸರನ್ನೂ ತರಬೇಕಿತ್ತು ಅಂತೀರಾ?

ಹಾಸನದ ಹಳೇ ಮೇಷ್ಟ್ರು, ಶುಕ್ರವಾರ ರಾತ್ರಿ

ಬಂದ ಪದವನ್ನೆಲ್ಲಾ ಇಟ್ಟುಕೊಳ್ಳುತ್ತಾ ಹೋದರೆ ಕೊನೆಗೆ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಅರಸೀಕೆರೆ, ಶುಕ್ರವಾರ ರಾತ್ರಿ

ಅದು ಉಳಿದರೆ ಕನ್ನಡ ಉಳಿದ ಹಾಗೆ. ಹಲ್ಮಿಡಿ ಶಾಸನ ತೆಗೆದು ನೋಡಿ, ನಮ್ಮ ಜಿಲ್ಲೆಯದೇ, ಬೇಲೂರು ತಾಲ್ಲೂಕು. ಸುಮಾರು ಕ್ರಿ.ಶ. 450ರದು. ಶುರುವಾಗುವುದೇ ಸಂಸ್ಕೃತ ಶ್ಲೋಕದಿಂದ, ಮುಂದೆಯೂ ಸಾಲು ಸಾಲು ಸಂಸ್ಕೃತ ಪದ. ಆದರೂ ಅದನ್ನು ಕನ್ನಡ ಶಾಸನ ಅಂತ ಎದೆ ತಟ್ಟಿಕೊಳ್ಳುತ್ತೇವೆ. ಯಾಕೆ? ಪ್ರತ್ಯಯ ಮತ್ತು ಕ್ರಿಯಾಪದ ಕನ್ನಡದ್ದು ಅಂತ. ಶಾಸನಕ್ಕೊಂದು ನ್ಯಾಯ, ಜೀಪಿಗೊಂದು ನ್ಯಾಯವಾ?

ಚನ್ನರಾಯಪಟ್ಟಣದವನು, ಶುಕ್ರವಾರ ರಾತ್ರಿ

ಹಲ್ಮಿಡಿ ಬರೆಸಿದವರು ಅರಸರ ಕಡೆಯವರು. ಆ ಕಾಲದ ಕಮ್ಮಾರ ಏನನ್ನುತ್ತಿದ್ದ ಅಂತ ಯಾವ ಕಲ್ಲೂ ಹೇಳುವುದಿಲ್ಲ. ನನ್ನ ಜಗಳ ಇರುವುದೇ ಅಲ್ಲಿ.

ಬೇಲೂರು ರಸ್ತೆ ವರ್ಕ್‌ಶಾಪ್, ಶುಕ್ರವಾರ ರಾತ್ರಿ

ಈಗಿನ ಕಮ್ಮಾರ ನಾನೇ. ಬೋಲ್ಟ್ ಅನ್ನುತ್ತೇನೆ. ಕಲ್ಲು ಬೇಕಾದರೆ ಕೆತ್ತಿಸಿಕೊಳ್ಳಿ.

ಮೂಡಿಗೆರೆ ಶೆಡ್ಡು, ಶನಿವಾರ ಮಧ್ಯಾಹ್ನ

ಬೋರ್ಡಿನವರು ಬಂದು ಹೋದರು. ನೀವೆಲ್ಲಾ ರಾತ್ರಿ ಶಾಸನ ಓದುತ್ತಿದ್ದಾಗ ನಾನು ಬಾಕಿ 3 ಮಿಲಿಮೀಟರ್ ಕೆದಕುತ್ತಿದ್ದೆ. ಸೈಕಲ್ ಕಡ್ಡಿಯ ತುದಿಯನ್ನು ಕೊಕ್ಕೆಯ ಹಾಗೆ ಬಗ್ಗಿಸಿ ಮೀಟಿದೆ, ಒಂದೇ ಬಿಲ್ಲೆಯಾಗಿ ಎದ್ದು ಬಂತು. ಕಪ್ಪಗೆ, ಹುಣಸೆ ಬೀಜದಷ್ಟು. ಡ್ರೈವರಣ್ಣನ ಮಗ ಅಂಗೈಯಲ್ಲಿಟ್ಟುಕೊಂಡು "ಅಪ್ಪಾ, ಗುಗ್ಗೆ ನೋಡು" ಅಂದ. ನಾನು ಅವನಿಗೆ ಈ ಚರ್ಚೆ ಓದಿ ಹೇಳಿರಲಿಲ್ಲ. ಅವರಪ್ಪ ಹೇಳಿದ್ದರೋ ಏನೋ, ಕೇಳಲಿಲ್ಲ.

ಬರೆಸಿದ್ದು ಹೀಗೆ:

ಬೋಲ್ಟು ಕುಳಿಯ ಗುಗ್ಗೆ ತೆಗೆದು
ಒಣಗಿಸಿ, ಆಳ ನೋಡಿ
ಆಮೇಲೆ ಹೆಡ್ ಕೂರಿಸಿ

"ಆಳ ನೋಡಿ" ನನ್ನದು. ಹೋದ ಸಲದ ಪೆಟ್ಟು ನೆನಪಿಗೆ ಬಂದು ಸೇರಿಸಿದೆ. ಮೇಷ್ಟ್ರಿಗೆ ಬೇಸರ ಆಗಬಾರದು, ಕುಳಿಯನ್ನು ನೀವೇ ಮೊದಲು ಹೇಳಿದ್ದು.

ಅರಸೀಕೆರೆ, ಶನಿವಾರ

ಹೆಡ್ಡಿಗೆ ಉಕಾರ ಹಾಕಿಸಲಿಲ್ಲವಾ?

ಮೂಡಿಗೆರೆ ಶೆಡ್ಡು, ಶನಿವಾರ

ಬೋರ್ಡಿನಲ್ಲಿ ಜಾಗ ಇರಲಿಲ್ಲ.