ಗೋವಾ 70.3 ಟ್ರಯಾಥ್ಲಾನ್‌ಗೆ (ಈಜು, ಸೈಕಲ್, ಓಟ ಒಂದರ ಹಿಂದೊಂದು) 16 ವಾರ: ಸ್ಕ್ವಾಟ್ ಮಾಡಿದ ಮರುದಿನ ಇಂಟರ್ವಲ್ ಓಡೋಕಾಗ್ತಿಲ್ಲ, ವೇಟ್ಸ್ ಎಲ್ಲಿ ಸೇರಿಸೋದು?

ತುಂಗಾತೀರ_ಟ್ರೈ

ವಾರಕ್ಕೆ ಈಜು 2, ಸೈಕಲ್ 3, ಓಟ 3. ಜಿಮ್ ಸೋಮವಾರ, ಬುಧವಾರ ಸಂಜೆ. ಅಲ್ಲಿನ ಟ್ರೈನರ್ ಹೇಳೋದು "ನೀವು ಎಂಡ್ಯೂರೆನ್ಸ್‌ನವರು, ತೂಕ ಕಮ್ಮಿ, ರೆಪ್ಸ್ ಜಾಸ್ತಿ" ಅಂತ. 30 ಕೆಜಿ ಸ್ಕ್ವಾಟ್ ಒಂದೇ ಸಮ 20 ಸಲ (20 ರೆಪ್ಸ್), ಅಂಥ 4 ಸೆಟ್, ಅದರ ಮೇಲೆ ಲಂಜಸ್, ಲೆಗ್ ಎಕ್ಸ್‌ಟೆನ್ಷನ್. ಮಂಗಳವಾರ, ಗುರುವಾರ ಬೆಳಗ್ಗೆ ಓಟದ ಇಂಟರ್ವಲ್, ಅಂದ್ರೆ ಜೋರಾಗಿ ಓಡಿ ಸ್ವಲ್ಪ ಸುಧಾರಿಸ್ಕೊಂಡು ಮತ್ತೆ ಮತ್ತೆ ಓಡೋದು. ಎರಡನೇ ರಿಪೀಟ್‌ಗೇ ತೊಡೆ ಕಲ್ಲಾಗುತ್ತೆ. ಜಿಮ್ ಬಿಡಲಾ, ದಿನ ಬದಲಿಸಲಾ? ಭಾರ ಎತ್ತಿದ್ರೆ ಮೈ ದಪ್ಪ ಆಗಿ ಓಟ ನಿಧಾನ ಆಗಲ್ವಾ? ವಯಸ್ಸು 38, ತೂಕ 68 ಕೆಜಿ, ಗಾಯ ಏನೂ ಇಲ್ಲ.

ಪೆಡಲ್_ಪುರಾಣ

ಜಿಮ್ ಬಿಡಬೇಡಿ, ಆ 20 ರೆಪ್ಸ್ ಬಿಡಿ.

ಲೆಕ್ಕ ನೋಡಿ. ನಿಮಿಷಕ್ಕೆ ಪೆಡಲ್ 85 ಸುತ್ತು ತಿರುಗೋ ಲೆಕ್ಕದಲ್ಲಿ (ಕೇಡೆನ್ಸ್) ರೇಸಿನ 90 ಕಿ.ಮೀ. ಮೂರು ಗಂಟೆ ತುಳಿದ್ರೆ ಒಂದೊಂದು ಕಾಲಿಗೂ 15,000ಕ್ಕಿಂತ ಜಾಸ್ತಿ ತುಳಿತ. ಇಷ್ಟು ತುಳಿಯೋ ಕಾಲಿಗೆ ಜಿಮ್‌ನಲ್ಲಿ ಇನ್ನೊಂದು 80 ಕೊಟ್ಟು ಬರೋದು ಸುಸ್ತೊಂದೇ. ಸೈಕಲ್ಲೂ ಓಟವೂ ಕೊಡದೇ ಇರೋದು ಭಾರ, ಜಿಮ್‌ಗೆ ಹೋಗೋದು ಅದಕ್ಕೆ. ಕಾಲಿನ ಗರಿಷ್ಠ ಬಲ ಏರಿದ್ರೆ ಅದೇ ತುಳಿತಕ್ಕೆ ಆ ಬಲದಲ್ಲಿ ಸಣ್ಣ ಪಾಲು ಸಾಕಾಗುತ್ತೆ. ಹಿಮ್ಮಡಿ ಮೇಲಿನ ಸ್ನಾಯುರಜ್ಜು ಗಡುಸಾದ್ರೆ ಓಟದಲ್ಲಿ ಸ್ಪ್ರಿಂಗ್ ಥರ ಎತ್ತಿ ಹಾಕುತ್ತೆ.

1ರಿಂದ 4ನೇ ವಾರ: 8-10 ರೆಪ್ಸ್, 3 ಸೆಟ್. ಇನ್ನೂ 3 ಎತ್ತಬಹುದು ಅನ್ನೋವಾಗಲೇ ಬಾರ್ ಇಳಿಸಿ. ರಜ್ಜುಗಳು ಸ್ನಾಯುವಿಗಿಂತ ನಿಧಾನವಾಗಿ ಹೊಂದಿಕೊಳ್ತವೆ, ಇಲ್ಲಿ ಅವಸರ ಪಟ್ಟವರಿಗೇ ಮಂಡಿ ಕೆಳಗೆ ನೋವು ಶುರುವಾಗೋದು.

5ರಿಂದ 11: 4-6 ರೆಪ್ಸ್, 3 ಸೆಟ್, ಒಂದೆರಡು ರೆಪ್ಸ್ ಕೈಯಲ್ಲಿ ಉಳಿದಿರಬೇಕು. ಸೆಟ್ ಮಧ್ಯೆ ಪೂರ್ತಿ 3 ನಿಮಿಷ ಕೂತ್ಕೊಳಿ. ಬೆವರು ಬರಲಿಲ್ಲ ಅಂತ ಬೇಜಾರು ಬೇಡ, ಅದಕ್ಕೆ ಸೈಕಲ್ ಇದೆ.

12ರಿಂದ 14: ವಾರಕ್ಕೆ ಒಂದೇ ದಿನ, ಅದೇ ತೂಕ, 2 ಸೆಟ್.

ಒಂದು ದಿನಕ್ಕೆ ನಾಲ್ಕೇ ವ್ಯಾಯಾಮ: ಸ್ಕ್ವಾಟ್, ರೊಮೇನಿಯನ್ ಡೆಡ್‌ಲಿಫ್ಟ್ (ಬಾರ್ ಹಿಡಿದು ಸೊಂಟದಿಂದ ಬಗ್ಗಿ ಏಳೋದು), ಕಾಫ್ ರೈಸ್ (ಹಿಮ್ಮಡಿ ಎತ್ತಿ ಇಳಿಸೋದು), ಡಂಬೆಲ್ ರೋ (ಬಗ್ಗಿ ಡಂಬೆಲ್ ಮೇಲಕ್ಕೆ ಎಳೆಯೋದು). ವಾರ್ಮಪ್ ಸೇರಿ 50 ನಿಮಿಷ. ಲಂಜಸ್, ಎಕ್ಸ್‌ಟೆನ್ಷನ್ ಎರಡೂ ಹೋಗಲಿ. ಮರುದಿನದ ಆ ಕಲ್ಲುತೊಡೆಗೆ ಮುಖ್ಯ ಕಾರಣ ಅವೇ.

ದಪ್ಪ ಆಗೋ ವಿಚಾರ: ವಾರಕ್ಕೆ ಎಂಟು ತಾಲೀಮು ಈಜು, ಸೈಕಲ್, ಓಟಕ್ಕೇ ಹೋಗ್ತಿರುವಾಗ ಇಷ್ಟು ಕಮ್ಮಿ ಸೆಟ್‌ಗೆ ಮಾಂಸ ಹತ್ತಲ್ಲ. ಬಾಡಿಬಿಲ್ಡರ್‌ಗಳು ಅದಕ್ಕೆ ಎಷ್ಟು ಒದ್ದಾಡ್ತಾರೆ ಕೇಳಿ ನೋಡಿ.

ನಿಧಾನವೇ_ವೇಗ

ಮೇಲಿನವರು ಹೇಳಿದ್ದಕ್ಕೆ ಒಪ್ಪಿಗೆ, ಒಂದು ಬಿಟ್ಟು. ಸ್ಕ್ವಾಟೇ ಆಗಬೇಕು ಅಂತಿಲ್ಲ. ಸೈಕಲ್ ಮೇಲೆ ಬಗ್ಗಿ ಬಗ್ಗಿ ಸೊಂಟ ಬಿಗಿದವರು ಬಾರ್ ಹೊತ್ತು ಕೆಳಗೆ ಹೋದಾಗ ಬೆನ್ನು ದುಂಡಗಾಗುತ್ತೆ. ಅಂಥವರಿಗೆ ಹಿಂಗಾಲು ಬೆಂಚ್ ಮೇಲಿಟ್ಟು ಮಾಡೋ ಬಲ್ಗೇರಿಯನ್ ಸ್ಪ್ಲಿಟ್ ಸ್ಕ್ವಾಟ್ ವಾಸಿ. ಅರ್ಧ ತೂಕಕ್ಕೇ ಕಾಲಿಗೆ ಕೆಲಸ ಆಗುತ್ತೆ, ಎಡ-ಬಲದ ವ್ಯತ್ಯಾಸವೂ ಗೊತ್ತಾಗುತ್ತೆ. ಮೊದಲ ವಾರ ಒಂದೇ ಸೆಟ್, ಇಲ್ಲದಿದ್ರೆ ಮೆಟ್ಟಿಲು ಇಳಿಯೋಕೂ ಆಗಲ್ಲ.

ನಿಮ್ಮ ನಿಜವಾದ ತಪ್ಪು ದಿನದ್ದು. ಗಟ್ಟಿ ದಿನ ಗಟ್ಟಿಯಾಗೇ ಇರಲಿ, ಹಗುರ ದಿನ ಪೂರ್ತಿ ಹಗುರ. ಮಂಗಳವಾರ ಬೆಳಗ್ಗೆ ಇಂಟರ್ವಲ್, ಅದೇ ಸಂಜೆ ಜಿಮ್, ಮಧ್ಯೆ ಕನಿಷ್ಠ 6 ಗಂಟೆ. ಬುಧವಾರ ಈಜು, ಬೇಕಿದ್ರೆ ಹಗುರ ಸೈಕಲ್. ಗುರುವಾರ ಮತ್ತೆ ಬೆಳಗ್ಗೆ ಇಂಟರ್ವಲ್, ಸಂಜೆ ಜಿಮ್. ಶುಕ್ರವಾರ ಈಜು ಅಥವಾ ರಜೆ. ಶನಿವಾರದ ಲಾಂಗ್ ರೈಡ್‌ಗೆ ಕಾಲು ತಯಾರು. ಹೀಗಿದ್ರೆ ಇಂಟರ್ವಲ್ ಯಾವಾಗಲೂ ತಾಜಾ ಕಾಲಲ್ಲಿ ಬೀಳುತ್ತೆ.

ಭಾರ ಎತ್ತಿದ್ರೆ ಸ್ಟ್ಯಾಮಿನಾ ಹೋಗುತ್ತೆ ಅನ್ನೋರು 1980ರ ಹಿಕ್ಸನ್ ಪ್ರಯೋಗ ಎತ್ತುತ್ತಾರೆ. ಅದರಲ್ಲಿ ಒಂದು ಗುಂಪು ಎರಡನ್ನೂ ಮಾಡಿತ್ತು: ವಾರಕ್ಕೆ 5 ದಿನ ವೇಟ್ಸ್, 6 ದಿನ ಎಂಡ್ಯೂರೆನ್ಸ್, 10 ವಾರ. ಕೊನೆಯ ವಾರಗಳಲ್ಲಿ ಇಳಿದಿದ್ದು ಬಲ. ವಿಒ2 ಮ್ಯಾಕ್ಸ್ (ಮೈ ಬಳಸಬಲ್ಲ ಗರಿಷ್ಠ ಆಮ್ಲಜನಕ) ಬರೀ ಎಂಡ್ಯೂರೆನ್ಸ್ ಮಾಡಿದವರಷ್ಟೇ ಏರಿತ್ತು. ಅಂದ್ರೆ ಪೆಟ್ಟು ಬಿದ್ದಿದ್ದು ಲಿಫ್ಟರ್‌ಗೆ, ಓಟಗಾರನಿಗಲ್ಲ.

ಊಟ ಮರೀಬೇಡಿ. ಕೆಜಿಗೆ 1.6 ಗ್ರಾಂ ಅಂದ್ರೆ ನಿಮಗೆ ದಿನಕ್ಕೆ ಸುಮಾರು 110 ಗ್ರಾಂ ಪ್ರೊಟೀನ್. ಮುದ್ದೆ, ತಿಳಿಸಾರು ಕಾರ್ಬ್‌ಗೆ ಚೆನ್ನ, ಪ್ರೊಟೀನ್ ಲೆಕ್ಕಕ್ಕೆ ಬರಲ್ಲ. ಮೊಟ್ಟೆ, ಮೀನು, ಪನೀರ್, ಸೋಯಾ, ಯಾವುದಾದ್ರೂ ಪ್ರತಿ ಊಟದಲ್ಲೂ ಇರಲಿ.

ಮೀನಖಂಡ_ಸಂಘ

ಕಾಫ್ ರೈಸ್ ಮಾಡಿ ಅಂದ್ರು, ಹೇಗೆ ಅಂತ ಹೇಳಲಿಲ್ಲ. 70.3ರಲ್ಲಿ ಸೈಕಲ್ ಇಳಿದ ಮೇಲೆ 21.1 ಕಿ.ಮೀ. ಓಟ, ಸೆಳೆತ ಹಿಡಿಯೋದು ಅಲ್ಲೇ. ಓಡುವಾಗ ಅತಿ ಹೆಚ್ಚು ಹೊರೆ ಹೊರೋ ಸ್ನಾಯುಗಳಲ್ಲಿ ಒಂದು ಸೋಲಿಯಸ್, ಮೀನಖಂಡದ ಒಳಪದರದ್ದು. ಮಂಡಿ ನೇರ ಇಟ್ಟು ಎತ್ತಿದಾಗ ಮೇಲಿನ ಪದರವೂ ಹೊರೆ ಹಂಚ್ಕೊಳುತ್ತೆ. ಮಂಡಿ ಮಡಿಸಿದಾಗ ಸೋಲಿಯಸ್ ಮೇಲೇ ಬೀಳುತ್ತೆ. ಆದ್ದರಿಂದ ಒಂದು ದಿನ ನಿಂತು, ಒಂದು ದಿನ ಕೂತು.

ಹೆಚ್ಚಿನವರು ಕೆಡಿಸೋದು ಕೆಳಗಿನ ತುದಿಯಲ್ಲಿ: ಪುಟಿದು ಎದ್ದುಬಿಡ್ತಾರೆ. ಆಗ ಕೆಲಸ ಮಾಡೋದು ರಜ್ಜು, ಸ್ನಾಯು ಅಲ್ಲ. ಹಿಮ್ಮಡಿ ಪೂರ್ತಿ ಇಳಿಸಿ, 2 ಸೆಕೆಂಡ್ ನಿಲ್ಲಿಸಿ, ಹೆಬ್ಬೆರಳ ಬುಡದ ಮೇಲೆ ಭಾರ ಹಾಕಿ ಏರಿ, ಮೇಲೆ 1 ಸೆಕೆಂಡ್. ಪಾದ ಹೊರಕ್ಕೆ ವಾಲಿದ್ರೆ ತೂಕ ಜಾಸ್ತಿಯಾಯ್ತು ಅಂತ ಅರ್ಥ. ತೂಕ ಇಲ್ಲದೆ ಒಂಟಿಕಾಲಲ್ಲಿ 20 ಸಲ ಹೀಗೆ ಏರೋಕೆ ಆಗದವರು ಡಂಬೆಲ್ ಮುಟ್ಟೋದೇ ಬೇಡ.

ಇನ್ನೊಂದು, ಗೋವಾ ರೇಸ್ ನಡೆಯೋ ಮಿರಾಮಾರ್ ಬೀಚ್‌ನಲ್ಲಿ ಈಜು ಸಮುದ್ರದಲ್ಲಿ. ದಾರಿ ನೋಡೋಕೆ ಮತ್ತೆ ಮತ್ತೆ ತಲೆ ಎತ್ತಬೇಕು, ಕತ್ತು, ಮೇಲ್ಬೆನ್ನು ಸೋಲುತ್ತೆ. ರೋ ಬಿಡಬೇಡಿ. ಬ್ಯಾಂಡ್ ಹಿಡಿದು ಭುಜ ಹೊರಕ್ಕೆ ತಿರುಗಿಸೋದು 15 ರೆಪ್ಸ್, 2 ಸೆಟ್, ಈಜಿನ ಮುಂಚೆ ಸೇರಿಸಿ.

ತುಂಗಾತೀರ_ಟ್ರೈ

ಧನ್ಯವಾದ. ಮಂಗಳ-ಗುರು ಸಂಜೆಗೆ ಬದಲಿಸ್ತೀನಿ. ನಮ್ಮ ಜಿಮ್‌ನಲ್ಲಿ ಕೂತು ಮಾಡೋ ಕಾಫ್ ಮೆಷಿನ್ ಇಲ್ಲ. ಕೊನೆಯ ಎರಡು ವಾರ ಏನು ಮಾಡೋದು?

ಮೀನಖಂಡ_ಸಂಘ

ಬೆಂಚ್ ಮೇಲೆ ಕೂತು, ಬೆರಳಬುಡ ಒಂದು ಪ್ಲೇಟ್ ಮೇಲಿಟ್ಟು, ಮಡಿಸಿದ ಟವೆಲ್ ಹಾಕಿ ತೊಡೆ ಮೇಲೆ, ಮಂಡಿ ಹತ್ತಿರ, ಬಾರ್ ಇಟ್ಕೊಳಿ. 30 ಕೆಜಿಯಿಂದ ಶುರು ಮಾಡಿ, ವಾರಕ್ಕೆ 5 ಏರಿಸಿ.

ಪೆಡಲ್_ಪುರಾಣ

ಕೊನೆಯ ಭಾರದ ದಿನ ರೇಸ್‌ಗೆ 10 ದಿನ ಮುಂಚೆ. ಆಮೇಲೆ ರೇಸ್ ವಾರದ ಮಂಗಳವಾರ ಒಂದೇ ಸಲ, ಮಾಮೂಲಿ ತೂಕದ ಮುಕ್ಕಾಲು ಭಾಗದಲ್ಲಿ 3 ರೆಪ್ಸ್‌ನ 2 ಸೆಟ್. ಕಾಲು ನೋಯ್ತಿದ್ರೆ ಅದನ್ನೂ ಬಿಡಿ. ಆ ಹತ್ತು ದಿನ ಹೊಸ ವ್ಯಾಯಾಮ ಒಂದೂ ಬೇಡ, ಟ್ರೈನರ್ ಎಷ್ಟೇ ಹೇಳಿದ್ರೂ.